ಮುಂದಿನ ಬ್ರೇಕಿನ ಗಾಬರಿ

ರೇಸ್ ಟ್ರ್ಯಾಕಿನಲ್ಲಿ ಓಡುತ್ತಿದ್ದ ಮೋಟಾರ್ ಸೈಕಲ್ಲೊಂದರ ಮುಂದಿನ ಬ್ರೇಕಿಗೆ ತಿರುವು ಕಂಡರೆ ಭಯ. ನೇರ ದಾರಿ ಮುಗಿಯುತ್ತ ಬಂದಂತೆ ಅದು ಒಮ್ಮೆಲೇ ಚಕ್ರವನ್ನು ಬಿಗಿಯಾಗಿ ಹಿಡಿದುಬಿಡುತ್ತಿತ್ತು. ಒಂದು ದಿನ ಹಾಗೆ ಹಿಡಿದಾಗ ಟೈರು ಜಾರಿತು. ಸವಾರಿ ಮಾಡುತ್ತಿದ್ದ ಮೃಣಾಲಿನಿ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

“ನೀನು ನೆಲಕ್ಕೆ ಸರಿಯಾಗಿ ಅಂಟಿಕೊಳ್ಳಲಿಲ್ಲ,” ಎಂದು ಬ್ರೇಕು ಟೈರನ್ನು ದೂರಿತು.

“ಅಂಟಿಕೊಳ್ಳಲು ನೀನು ಬಿಟ್ಟರೆ ತಾನೆ?” ಎಂದಿತು ಟೈರು. “ಮೊದಲು ಮೆಲ್ಲಗೆ ಹಿಡಿ. ಗಾಡಿಯ ಭಾರ ಮುಂದಕ್ಕೆ ಬಂದು ನನ್ನನ್ನು ನೆಲಕ್ಕೆ ಒತ್ತಲಿ. ಆಮೇಲೆ ಬಿಗಿ ಮಾಡು. ಗಾಡಿ ವಾಲತೊಡಗಿದಾಗ ಸ್ವಲ್ಪ ಸ್ವಲ್ಪವೇ ಸಡಿಲಿಸು.”

“ಅಷ್ಟರಲ್ಲಿ ತಿರುವು ಮೈಮೇಲೆ ಬಂದುಬಿಟ್ಟರೆ?”

“ನಾನು ಕೇಳುತ್ತಿರುವುದು ಒಂದೇ ಒಂದು ಕ್ಷಣ.”

ಮುಂದಿನ ಸುತ್ತಿನಲ್ಲಿ ಅದೇ ತಿರುವು ಎದುರಾಯಿತು. ಬ್ರೇಕು ಮೊದಲು ಮೆಲ್ಲಗೆ ಹಿಡಿಯಿತು. ಟೈರು ನೆಲವನ್ನು ಭದ್ರವಾಗಿ ಹಿಡಿದದ್ದು ತಿಳಿದ ಮೇಲೆ ಬಿಗಿ ಮಾಡಿತು, ಗಾಡಿ ವಾಲಿದಂತೆ ಸಡಿಲಿಸಿತು. ಮೃಣಾಲಿನಿ ತಿರುವು ದಾಟಿದಳು.

“ನನಗೆ ಈಗಲೂ ಭಯ ಹೋಗಿಲ್ಲ,” ಎಂದಿತು ಬ್ರೇಕು.

“ನನಗೂ ಹೋಗಿಲ್ಲ,” ಎಂದಿತು ಟೈರು. “ಆದರೆ ಈ ಸಲ ನಿನ್ನ ಭಯವನ್ನು ನೀನು ನನ್ನ ಮೇಲೆ ಹೇರಲಿಲ್ಲ.”