ಮಣ್ಣು ತಿಂದ ಕುಂಬಾರಗಿತ್ತಿಗೆ ಒಡಲಗೌರಿ ಒಲಿದ ಕಥೆ

ದೀಪದ ಬತ್ತಿ ಸರಿಮಾಡಿ, ಎಳೆಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಡಸರೂ ಬಾಗಿಲಾಚೆ ನಿಲ್ಲದೆ ಒಳಗೆ ಬಂದು ಕುಳಿತು, ಒಡಲಗೌರಿಯ ಮಹಿಮೆಯನ್ನು ಕೇಳುವಂಥವರಾಗಿ. ಅರ್ಧಕ್ಕೆ ಎದ್ದು ಹೋದವರಿಗೆ ಅರ್ಧವೇ ಫಲ.

ಹಿಂದಿನ ಕಾಲದಲ್ಲಿ ಕೆಮ್ಮಣ್ಣುಕಟ್ಟೆ ಎಂಬ ಹೊಳೆದಂಡೆಯ ಊರಿನಲ್ಲಿ ಸಂಕಣ್ಣನೆಂಬ ಕುಂಬಾರನಿದ್ದನು. ಅವನು ಮಾಡಿದ ಗಡಿಗೆಯನ್ನು ಬೆರಳಿಂದ ತಟ್ಟಿದರೆ ಗಂಟೆಯಂತೆ ದನಿಗೊಡುತ್ತಿತ್ತು. ಅವನ ತಾಯಿ ಮುದ್ದವ್ವ, ಹೆಂಡತಿ ಬೊಮ್ಮವ್ವ. ಬೊಮ್ಮವ್ವ ಮದುವೆಯಾಗಿ ಬಂದ ವರುಷವೇ ಬಸಿರಾಗಿ, ಚೆನ್ನಿಯೆಂಬ ಹೆಣ್ಣುಮಗುವನ್ನು ಹೆತ್ತು, ಆ ಮಗು ಅಂಬೆಗಾಲಿಡುವ ಮೊದಲೇ ಮತ್ತೆ ಬಸಿರಾದಳು. ಎರಡನೆಯ ಕೂಸು ತಿಂಗಳು ತುಂಬುವ ಮುನ್ನವೇ ಹುಟ್ಟಿ, ಅಂಗೈಯಗಲದ ಮೈಯಲ್ಲಿ ಉಸಿರು ನಿಲ್ಲದೆ, ಒಮ್ಮೆಯೂ ಅಳದೆ ಹೋಯಿತು. ಬೊಮ್ಮವ್ವನೂ ಹೋದಂತೆಯೇ ಆಗಿ, ಹೇಗೋ ಹಿಂದಿರುಗಿ ಬಂದಳು.

ಇದಾದ ಮೇಲೆ ಮುದ್ದವ್ವನು ದೇವರು ಮುನಿದಿದ್ದಾನೆಂದು ಬಗೆದು, ಸೊಸೆಗೆ ಸೋಮವಾರ ಶಿವನ ಉಪವಾಸ, ಮಂಗಳವಾರ ಶಕ್ತಿಯ ಉಪವಾಸ, ಶುಕ್ರವಾರ ಲಕ್ಷ್ಮಿಯ ಉಪವಾಸ ಹಿಡಿಸಿ, ಬೇಗ ಇನ್ನೊಂದು ಕೂಸು ಮಡಿಲಿಗೆ ಬರಲೆಂದು ಹರಸಿದಳು. ಉಳಿದ ದಿನಗಳಲ್ಲಿ ಆ ಮನೆಯ ಪದ್ಧತಿಯಂತೆ ಗಂಡ ಉಂಡು, ಅತ್ತೆ ಉಂಡು, ಮಣ್ಣು ತುಳಿಯುವ ಆಳು ಉಂಡು, ಮಗು ಉಂಡು, ಮಿಕ್ಕಿದ್ದನ್ನು ಬೊಮ್ಮವ್ವ ಉಣ್ಣುವಳು. ಏನೂ ಮಿಗದ ದಿನ ಸಾರಿನ ತಳಕ್ಕೆ ನೀರು ಬೆರೆಸಿ ಕುಡಿದು ಮಲಗುವಳು.

ಹೀಗಿರುತ್ತಿರಲು ಅವಳಿಗೆ ಮಣ್ಣಿನ ಆಸೆ ಹತ್ತಿತು. ಒಣಮಣ್ಣಿಗೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ಬಾಯಲ್ಲಿ ನೀರೂರುವುದು. ಗಡಿಗೆ ತಿರುಗಿಸುವ ತಿಗರಿಯ ಬುಡದಿಂದ ಉಗುರಷ್ಟು ಮಣ್ಣು ಮುರಿದು, ಸೆರಗು ಮರೆಮಾಡಿ ಬಾಯಿಗೆ ಹಾಕಿಕೊಳ್ಳುವಳು. ಒಂದು ದಿನ ಅತ್ತೆಯ ಕಣ್ಣಿಗೆ ಬಿದ್ದಳು. ಬೇರೆ ಮನೆಯಾಗಿದ್ದರೆ ಬೈದು ಬಾಯಿ ತೊಳೆಸುತ್ತಿದ್ದರು. ಅದು ಕುಂಬಾರರ ಮನೆ. ಮಣ್ಣೇ ಅವರಿಗೆ ಅನ್ನ, ಮಣ್ಣೇ ತಾಯಿ. ಮುದ್ದವ್ವನು, ನಮ್ಮ ಮನೆದೇವರು ಒಡಲಗೌರಿ ನನ್ನ ಸೊಸೆಯ ಮೈದುಂಬಿದ್ದಾಳೆ, ಇದು ಮೊಮ್ಮಗ ಬರುವ ಸೂಚನೆ ಎಂದು ಹಿಗ್ಗಿ, ಅಂದಿನಿಂದ ಹೊಸಮಣ್ಣಿಗೆ ಅರಿಸಿನ ಕುಂಕುಮವಿಟ್ಟು, ವೀಳ್ಯದೆಲೆಯ ಮೇಲೆ ಪ್ರಸಾದವೆಂದು ತಾನೇ ಸೊಸೆಯ ಕೈಗೆ ಕೊಡತೊಡಗಿದಳು. ನೆರೆಹೊರೆಯವರು ಬಂದು ಬೊಮ್ಮವ್ವನ ಕಾಲಿಗೆ ಎರಗಿ ಹೋದರು. ಅವಳಿಗೋ ಮೆಟ್ಟಿಲೇರಿದರೆ ಏದುಸಿರು, ಬಗ್ಗಿ ಎದ್ದರೆ ಕಣ್ಣು ಕತ್ತಲೆ. ದೇವಿ ಮೈದುಂಬಿದರೆ ಹೀಗೇ ಇರಬಹುದೆಂದು ನಂಬಲು ನೋಡಿದಳು. ಆದರೆ ಒಳಗೊಳಗೆ, ಇನ್ನೊಂದು ಹೆರಿಗೆಗೆ ತಾನು ಉಳಿಯಲಾರೆ, ಚೆನ್ನಿ ತಬ್ಬಲಿಯಾಗುವಳು ಎಂಬ ಭಯ ಹೊಕ್ಕಿತ್ತು. ಕಾಲಿಗೆ ಬೀಳಲು ಬಂದವರೆದುರು ಅದನ್ನು ಹೇಗೆ ಹೇಳುವುದು?

ಇತ್ತ ಒಡಲಗೌರಿಯು ತನ್ನ ಹೆಸರಿನಲ್ಲಿ ಒಬ್ಬ ಹೆಣ್ಣು ಮಣ್ಣು ತಿನ್ನುತ್ತಿರುವುದನ್ನು ಕಂಡು, ಮನನೊಂದು, ಮುಪ್ಪಿನ ಮುತ್ತೈದೆಯ ರೂಪು ತಾಳಿ, ಕೋಲೂರಿಕೊಂಡು ಕೆಮ್ಮಣ್ಣುಕಟ್ಟೆಗೆ ಬಂದಳು. ಸಂಕಣ್ಣನು ಆಗಷ್ಟೇ ಅಗೆದು ತಂದ ಮಣ್ಣನ್ನು ಅಂಗಳದಲ್ಲಿ ಸುರಿಯುತ್ತಿದ್ದನು.

"ತಮ್ಮಾ, ಇದೇ ಮಣ್ಣಲ್ಲಿ ನನಗೊಂದು ಕೊಡ ಮಾಡಿಕೊಡಪ್ಪ. ಸಂಜೆಗೆ ನೀರು ತುಂಬಬೇಕು" ಎಂದಳು.

ಸಂಕಣ್ಣ ನಕ್ಕನು. "ಅಜ್ಜೀ, ಈ ಮಣ್ಣು ಇನ್ನೂ ನೆಂದಿಲ್ಲ, ತುಳಿದಿಲ್ಲ, ಗೋಣಿಯ ಕೆಳಗೆ ಕಳಿತಿಲ್ಲ. ಇವತ್ತೇ ತಿಗರಿಗೇರಿಸಿ ಸುಟ್ಟರೆ ಬೆಂಕಿಯಲ್ಲಿ ಒಡೆದು, ಪಕ್ಕದ ಗಡಿಗೆಗಳನ್ನೂ ಒಡೆಯುತ್ತದೆ."

"ಮತ್ತೆ ಎಷ್ಟು ದಿನ ಬಿಡುತ್ತೀ?"

"ಹದ ಬರುವ ತನಕ. ಅವಸರ ಮಾಡುವವನು ಕುಂಬಾರನೇ ಅಲ್ಲ."

"ಮಣ್ಣಿನ ಹದ ಬಲ್ಲವನೇ, ಮನೆಯವಳ ಹದ ಯಾವತ್ತು ನೋಡಿದ್ದೀ?" ಎಂದು ಅಜ್ಜಿಯು ಬೊಮ್ಮವ್ವನನ್ನು ಹೊರಗೆ ಕರೆದು, ಬಿಸಿಲಿಗೆ ಮುಖಮಾಡಿ ನಿಲ್ಲಿಸಿ, ಅವಳ ಕಣ್ಣಿನ ಕೆಳರೆಪ್ಪೆಯನ್ನು ಇಳಿಸಿ ತೋರಿಸಿದಳು. ಕೆಂಪಿರಬೇಕಾದಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಉಗುರುಗಳೂ ಹಾಗೆಯೇ ಇದ್ದವು. "ಇದು ದೇವಿಯ ಬಯಕೆಯಲ್ಲ. ರಕ್ತ ಬತ್ತಿದ ಮೈ ಹೀಗೆ ಮೊರೆಯಿಡುತ್ತದೆ."

ಮುದ್ದವ್ವನಿಗೆ ಸಿಟ್ಟು ಬಂತು. "ಯಾರಮ್ಮಾ ನೀವು, ನಮ್ಮ ಮನೆದೇವರಿಗೆ ಹೆಸರಿಡೋಕೆ ಬಂದವರು?"

"ದೇವರಿಗಲ್ಲ ತಂಗೀ, ನಿನ್ನ ಅಡುಗೆಮನೆಗೆ."

ಆಗ ಬೊಮ್ಮವ್ವ ಎಂದೂ ಎತ್ತದ ದನಿ ಎತ್ತಿ, "ಅಜ್ಜೀ, ನಾನು ಬದುಕಬೇಕು. ಯಾವ ವ್ರತ ಹಿಡಿಯಲಿ, ಹೇಳಿ" ಎಂದಳು.

ಅಜ್ಜಿಯು ಅವಳಿಗೆ ಒಡಲಗೌರಿಯ ವ್ರತವನ್ನು ಉಪದೇಶಿಸಿದಳು. ಈ ವ್ರತಕ್ಕೆ ಉಪವಾಸವಿಲ್ಲ, ಉಣ್ಣುವುದೇ ನೇಮ. ದಿನವೂ ದೀಪ ಹಚ್ಚಿದ ಮೇಲೆ ವ್ರತ ಹಿಡಿದವಳು ಮನೆಯವರ ಸಾಲಿನಲ್ಲೇ ಮಣೆ ಹಾಕಿ ಕೂತು, ರಾಗಿ, ಹುರುಳಿ, ನಿಂಬೆಹುಳಿ ಹಿಂಡಿದ ನುಗ್ಗೆಸೊಪ್ಪು, ಎಳ್ಳುಬೆಲ್ಲ, ಮಜ್ಜಿಗೆಯನ್ನು ಹೊಟ್ಟೆತುಂಬ ಉಣ್ಣಬೇಕು. ಮಣ್ಣನ್ನು ಮುಟ್ಟಬಹುದು, ಬಾಯಿಗಿಡಬಾರದು. ಮಡಿಲಿನ ಮಗು ಮೂರು ದೀಪಾವಳಿ ಕಂಡು, ತಾಯಿಯ ರೆಪ್ಪೆ ಕೆಂಪಾಗುವ ತನಕ ಇನ್ನೊಂದು ಬಸಿರು ಕೂಡದು. ಗಂಡನಾದವನಿಗೂ ಈ ವ್ರತದಲ್ಲಿ ಸಮಪಾಲು. ಇಷ್ಟು ಹೇಳಿ ಅಜ್ಜಿಯು ಅಂಗಳ ದಾಟಿದ್ದನ್ನು ಕಂಡರು, ಬೀದಿಯಲ್ಲಿ ಹೋದದ್ದನ್ನು ಯಾರೂ ಕಾಣಲಿಲ್ಲ.

ಸಂಕಣ್ಣನು ಅಂದೇ ತನ್ನ ಹಾಸಿಗೆಯನ್ನು ತಿಗರಿಯ ಚಾವಡಿಗೆ ಒಯ್ದನು. ಬೊಮ್ಮವ್ವ ಉಣ್ಣತೊಡಗಿದಳು. ಮುದ್ದವ್ವ ಮಾತ್ರ ಮುಖ ಬಿಗಿದುಕೊಂಡೇ ಬಡಿಸುವಳು.

ಹೀಗೆ ಕೆಲವು ಕಾಲ ಸಲ್ಲಲು, ನೆರೆಮನೆಯಲ್ಲಿ ಬಸುರಿಗೆ ಬಳೆ ತೊಡಿಸುವ ಶಾಸ್ತ್ರ ನಡೆಯಿತು. ಬೊಮ್ಮವ್ವ ಹೋದಾಗ ಹೆಂಗಸರು, "ಅತ್ತೆಗಿಂತ ಮುಂಚೆ ಉಂಡು ಕೈತೊಳೆಯುವ ಸೊಸೆ ಬಂದಳು, ದಾರಿ ಬಿಡ್ರೇ" ಎಂದರು. ಇನ್ನೊಬ್ಬಳು, "ಗಂಡನನ್ನು ಗಡಿಗೆಗಳ ಜೊತೆ ಮಲಗಿಸಿದ್ದಾಳಂತಲ್ಲ, ಗಡಿಗೆಯೇ ಹೆತ್ತುಕೊಡಬೇಕು" ಎಂದಳು. ಎಲ್ಲರೂ ನಕ್ಕರು. ಬೊಮ್ಮವ್ವನ ಮನಸ್ಸು ಅಲ್ಲೇ ಮುರಿಯಿತು. ಮನೆಗೆ ಬಂದವಳೇ ಮೊದಲಿನಂತೆ ಕಡೆಗೆ ಉಣ್ಣತೊಡಗಿ, ವಾರವಾರದ ಉಪವಾಸ ಹಿಡಿದು, ಗುಟ್ಟಾಗಿ ಮತ್ತೆ ಮಣ್ಣಿಗೆ ಕೈಹಾಕಿದಳು. ವ್ರತ ಕೆಟ್ಟಿತು.

ಒಂದು ಮಧ್ಯಾಹ್ನ ಚೆನ್ನಿಯನ್ನು ಸೊಂಟದಲ್ಲಿಟ್ಟುಕೊಂಡು ಮಣ್ಣು ನೆನೆಹಾಕಿದ ಗುಂಡಿಯ ಬಳಿಗೆ ಹೋದವಳು ಕಣ್ಣು ಕತ್ತಲೆಗಟ್ಟಿ ಮಗುವಿನ ಸಮೇತ ಕೆಸರಿಗೆ ಬಿದ್ದಳು. ಮಗುವಿನ ಚೀರಾಟಕ್ಕೆ ಮುದ್ದವ್ವ ಓಡಿಬಂದು, ಕೂಸನ್ನು ಮೊದಲು ಎಳೆದು, ಸೊಸೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮುಖದ ಕೆಸರು ಒರೆಸಲು ಹೋದಾಗ ಅವಳ ಹಲ್ಲಿನ ನಡುವೆಯೂ ಮಣ್ಣಿತ್ತು. ಮುದ್ದವ್ವ ತಾನೇ ಆ ರೆಪ್ಪೆಯನ್ನು ಇಳಿಸಿ ನೋಡಿದಳು. ಅಜ್ಜಿ ತೋರಿಸಿದಂತೆಯೇ ಸುಣ್ಣದ ಬಿಳುಪು.

ಬೊಮ್ಮವ್ವ ಕಣ್ಣುಬಿಟ್ಟಾಗ ಮುದ್ದವ್ವ, "ನಾನು ಹೆತ್ತದ್ದು ಮಡಿಲು ತುಂಬ, ಉಳಿದದ್ದು ಸಂಕಣ್ಣನೊಬ್ಬ" ಎಂದಳು. "ನನಗೆ ಯಾರೂ ಉಣ್ಣೇ ಅನ್ನಲಿಲ್ಲ ತಾಯಿ. ನಾನೂ ನಿನಗೆ ಅನ್ನಲಿಲ್ಲ."

ಅಂದಿನ ಊಟಕ್ಕೆ ಮುದ್ದವ್ವ ಎರಡು ಎಲೆಗಳನ್ನು ಒತ್ತೊತ್ತಾಗಿ ಹಾಕಿ, ಸೊಸೆಯನ್ನು ಕೂರಿಸಿ, "ನೀನು ತುತ್ತೆತ್ತದೆ ನಾನು ಎಲೆ ಮುಟ್ಟೋದಿಲ್ಲ" ಎಂದು ಕೈಕಟ್ಟಿ ಕುಳಿತಳು. ನಕ್ಕಿದ್ದ ಹೆಂಗಸರು ವಿಷಯ ಕೇಳಿ ನೋಡಲು ಬಂದರೆ ಅವರಿಗೂ ಎಲೆ ಹಾಕಿಸಿದಳು. ಯಾರ ರೆಪ್ಪೆ ಎಷ್ಟು ಬಿಳುಪೆಂದು ಅಲ್ಲೇ ನೋಡಿಕೊಂಡು, ಆ ಕೇರಿಯ ಬಹುಮಂದಿ ವ್ರತ ಹಿಡಿದರು.

ಚೆನ್ನಿಯು ಮೂರನೆಯ ದೀಪಾವಳಿ ಕಂಡಳು, ಬೊಮ್ಮವ್ವನ ರೆಪ್ಪೆಯೂ ಕೆಂಪಾಯಿತು. ಮುಂದಿನ ಮುಂಗಾರಿಗೆ ಮೊದಲ ಹನಿ ಬಿದ್ದು ಮಣ್ಣಿನ ವಾಸನೆ ಎದ್ದಾಗ ಬೊಮ್ಮವ್ವ ಅಂಗಳದಲ್ಲಿ ನಿಂತಳು. ಬಾಯಲ್ಲಿ ನೀರೂರಲಿಲ್ಲ. ಆಮೇಲೆ ಅವಳೇ ಗಂಡನಿಗೆ, "ಮಳೆಗಾಲ ಬಂತು, ಹಾಸಿಗೆ ಒಳಗೆ ತನ್ನಿ" ಎಂದಳು. ಬಸಿರಾಗಿ, ತಿಂಗಳು ತುಂಬಿ, ಬೆಳಗಿನ ಹೊತ್ತು ಹೆತ್ತಳು. ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು. ಹೆಣ್ಣೋ ಗಂಡೋ ಎಂದು ಬಾಗಿಲಲ್ಲಿ ಕೇಳಿದವರಿಗೆ ಮುದ್ದವ್ವ, "ತಾಯಿ ಉಳಿದಳು, ಕೂಸು ಉಳಿಯಿತು" ಎಂದಷ್ಟೇ ಹೇಳಿ ಸಕ್ಕರೆ ಹಂಚಿದಳು. ಆ ಮಗುವೂ ಹೆಣ್ಣೇ ಆಗಿತ್ತು.

ಈ ವ್ರತವನ್ನು ಮಗು ಬೇಕೆಂದವಳೂ, ಸದ್ಯಕ್ಕೆ ಬೇಡವೆಂದವಳೂ, ಕೂಸು ಕಳೆದುಕೊಂಡವಳೂ ಹಿಡಿಯಬಹುದು. ಒಡಲು ಮೊದಲು ಅವಳದು. ಈ ಕಾಲದವರು ಬಸಿರಿಗೆ ಮುಂಚೆಯೇ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ನೋಡಿಸಿ, ಅಲ್ಲಿ ಕೊಡುವ ಮಾತ್ರೆಯನ್ನು ತೀರ್ಥದಷ್ಟು ನೇಮದಿಂದ ನುಂಗಬೇಕು. ಹೆರಿಗೆಗಳ ನಡುವೆ ಬಿಡುವು ಕೊಡುವ ಉಪಾಯವನ್ನು ಗಂಡಹೆಂಡಿರಿಬ್ಬರೂ ನರ್ಸಮ್ಮನನ್ನು ಕೇಳಿ ತಿಳಿಯಬೇಕು. ಪರನಾಡು ಸೇರಿದವರು ನುಗ್ಗೆ ಸಿಗದೆಂದು ವ್ರತ ಬಿಡಬೇಡಿ. ಯಾವ ನೆಲದ ಅನ್ನ ತಿನ್ನುತ್ತೀರೋ ಆ ನೆಲದ ಸೊಪ್ಪಿನಲ್ಲೂ ಗೌರಿ ಇದ್ದಾಳೆ.

ಬೊಮ್ಮವ್ವನಿಗೆ ಒಲಿದ ತಾಯಿಯು ಈ ಕಥೆಯನ್ನು ಓದಿದವರಿಗೆ, ಕೇಳಿದವರಿಗೆ, ಕೇಳಿ ಇನ್ನೊಂದು ಮನೆಯಲ್ಲಿ ಹೇಳಿದವರಿಗೆ ಅದೇ ಫಲವನ್ನು ಕೊಟ್ಟು, ತೊಟ್ಟಿಲನ್ನೂ ತೂಗುವ ಕೈಯನ್ನೂ ಒಟ್ಟಿಗೆ ಕಾಯಲಿ. ಇನ್ನು ಆರತಿಯೆತ್ತಿ ಏಳಿ. ಈ ಮನೆಯಲ್ಲಿ ದಿನವೂ ಕಡೆಗೆ ಉಣ್ಣುವವಳು ಯಾರೋ, ಅವಳಿಗೆ ಮೊದಲು ಎಲೆ ಹಾಕಿ.