ಸೋರೆಕಾಯಿ ಟೊಳ್ಳಾದದ್ದು

ಲೋಕ ಇನ್ನೂ ಹೊಸದಾಗಿತ್ತು. ಯಾವ ತಿಂಗಳಲ್ಲಿ ಸುರಿಯಬೇಕೆಂದು ಮಳೆಗೇ ಗೊತ್ತಿರಲಿಲ್ಲ. ಹೊಳೆ, ಗಾಳಿ, ಗಿಡ, ಬಳ್ಳಿ ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು. ಆಗ ಸೋರೆಕಾಯಿ ನಿನ್ನ ಮುಷ್ಟಿಯಷ್ಟೇ ಇತ್ತು. ಒಳಗೆಲ್ಲ ಗಟ್ಟಿ ತಿರುಳು. ನೀರಿಗೆ ಹಾಕಿದರೆ ಕಲ್ಲಿನಂತೆ ಮುಳುಗುತ್ತಿತ್ತು.

ಹೊಳೆಯ ದಂಡೆಯಲ್ಲಿ ಗೂಳಪ್ಪ ಅಂತ ಒಬ್ಬನಿದ್ದ. ಒಳ್ಳೆಯವನೇ. ಆದರೆ ಬಾಯಿ ಬಿಟ್ಟರೆ ಸುಳ್ಳು. ಅದೂ ಸಣ್ಣಪುಟ್ಟ ಸುಳ್ಳಲ್ಲ.

"ನಿನ್ನೆ ಒಂದು ಮೀನು ಹಿಡಿದೆ. ಬಾಲ ನನ್ನ ಕೈಯಲ್ಲಿ, ಮೂತಿ ಆ ಗುಡ್ಡದ ಆಚೆ!" ಅನ್ನುತ್ತಿದ್ದ.

"ನಮ್ಮಜ್ಜಿ ರೊಟ್ಟಿ ತಟ್ಟಿದರೆ ಇಡೀ ಊರಿಗೆ ನೆರಳು!" ಅನ್ನುತ್ತಿದ್ದ.

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ನಕ್ಕಷ್ಟೂ ಗೂಳಪ್ಪನಿಗೆ ಖುಷಿ. ಮರುದಿನ ಇನ್ನೂ ದೊಡ್ಡದೊಂದು ಹೇಳುತ್ತಿದ್ದ.

ಆ ಕಾಲದಲ್ಲಿ ಆಡಿದ ಸುಳ್ಳನ್ನೆಲ್ಲ ಹೊತ್ತುಕೊಂಡು ಹೋಗುವುದು ಗಾಳಿಯ ಕೆಲಸ. ಸಣ್ಣ ಸುಳ್ಳನ್ನು ಹತ್ತಿಯಂತೆ ಊದಿ ಬಯಲಿಗೆ ಹಾರಿಸಿಬಿಡುತ್ತಿತ್ತು. ಗೂಳಪ್ಪನ ಸುಳ್ಳುಗಳನ್ನು ಹೊತ್ತು ಹೊತ್ತು ಅದಕ್ಕೆ ಸಾಕಾಯಿತು. ಒಂದು ದಿನ ಅವನ ಗುಡಿಸಲ ಮುಂದೆ ಉಸ್ಸೆಂದು ಕೂತುಬಿಟ್ಟಿತು.

"ಯಾಕೋ ಗಾಳಣ್ಣ, ಸುಸ್ತಾಗಿದೀಯ?" ಎಂದು ಚಪ್ಪರದ ಮೇಲಿನ ಸೋರೆಬಳ್ಳಿ ಕೇಳಿತು.

"ನೋಡವ್ವ, ಗುಡ್ಡದಾಚೆವರೆಗಿನ ಮೀನು! ಇದನ್ನ ಎಲ್ಲಿ ಅಂತ ಇಳಿಸಲಿ?"

ಬಳ್ಳಿಗೆ ಅಯ್ಯೋ ಪಾಪ ಅನಿಸಿತು. "ನನ್ನ ಕಾಯೊಳಗೆ ಇಟ್ಟು ಹೋಗು" ಅಂದಿತು.

ಗಾಳಿ ಇಟ್ಟಿತು. ಕಾಯಿ ಸ್ವಲ್ಪ ಉಬ್ಬಿತು. ಮರುದಿನ ಅಜ್ಜಿಯ ರೊಟ್ಟಿಯನ್ನು ತಂದಿಟ್ಟಿತು. ಕಾಯಿ ಇನ್ನಷ್ಟು ಉಬ್ಬಿತು. ದಿನಕ್ಕೊಂದು ಸುಳ್ಳು, ದಿನಕ್ಕೊಂದು ಉಬ್ಬು. ಒಂದು ಕಾಯಿ ತುಂಬಿದ ಮೇಲೆ ಪಕ್ಕದ್ದು. ಒಳಗಿನ ತಿರುಳಿಗೆ ಜಾಗವೇ ಇಲ್ಲದಾಯಿತು. ಅದು ಅಂಚಿಗೆ ಒತ್ತಿಕೊಂಡು ಒಣಗಿ ಗಟ್ಟಿ ಸಿಪ್ಪೆಯಾಯಿತು. ನೋಡನೋಡುತ್ತ ಚಪ್ಪರದಲ್ಲಿ ಕೊಡದಷ್ಟು ದೊಡ್ಡ ಎರಡು ಕಾಯಿಗಳು ತೂಗತೊಡಗಿದವು.

ಗೂಳಪ್ಪನ ಸುಳ್ಳುಗಳಲ್ಲೆಲ್ಲ ದೊಡ್ಡದು ಒಂದಿತ್ತು. "ತುಂಬಿದ ಹೊಳೆಯನ್ನ ಹೆಗಲ ಮೇಲೆ ಎರಡು ಎಮ್ಮೆ ಹೊತ್ಕೊಂಡು ಈಜಿ ದಾಟಿದೀನಿ!" ಇದನ್ನು ಅವನು ಮದುವೆಗೆ ಮುಂಚೆ ತನ್ನ ಹೆಂಡತಿ ಸಂಕವ್ವನಿಗೆ ಹೇಳಿದ್ದ. ಮೀನಿನ ಸುದ್ದಿಗೆ, ರೊಟ್ಟಿಯ ಸುದ್ದಿಗೆ ನಕ್ಕಿದ್ದ ಸಂಕವ್ವ ಇದಕ್ಕೆ ನಗಲಿಲ್ಲ. ಕಣ್ಣರಳಿಸಿ ಕೇಳಿದಳು, ನಂಬಿದಳು. ಅವಳು ನಂಬಿದ ಮೇಲೆ ಗೂಳಪ್ಪನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಅವನು ಮೊಣಕಾಲಿಗಿಂತ ಮೇಲಿನ ನೀರಿಗೆ ಯಾವತ್ತೂ ಇಳಿದವನೇ ಅಲ್ಲ.

ಒಂದು ಬೆಳಿಗ್ಗೆ ಸಂಕವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಯ ನಡುಗಡ್ಡೆಗೆ ಸೌತೆಕಾಯಿ ಬಿಡಿಸಲು ಹೋದಳು. ಹೋಗುವಾಗ ನೀರು ಪಾದ ಮುಳುಗುವಷ್ಟಿತ್ತು. ಅಷ್ಟರಲ್ಲಿ ಮೇಲೆಲ್ಲೋ ಮಳೆ ಸುರಿದು ಹೊಳೆ ಕೆಂಪಗೆ ಉಕ್ಕಿ ಬಂತು. ಸೌತೆಬಳ್ಳಿ ಮುಳುಗಿತು, ಮರಳು ಮುಳುಗಿತು. ಸಂಕವ್ವ ಅಲ್ಲಿದ್ದ ಒಂದೇ ಬಂಡೆ ಹತ್ತಿ ನಿಂತಳು.

ಗೂಳಪ್ಪ ದಂಡೆಗೆ ಓಡಿ ಬಂದ. ಅವನನ್ನು ಕಂಡು ಸಂಕವ್ವನ ಮುಖ ಅರಳಿತು. ಅವಳಿಗೆ ಒಂದಿಷ್ಟೂ ಹೆದರಿಕೆಯಿರಲಿಲ್ಲ.

"ರೀ, ಬಂದ್ರಾ? ಬೇಗ ಈಜ್ಕೊಂಡು ಬನ್ನಿ! ನಿಮಗೆ ಇದೇನು ಮಹಾ!" ಎಂದು ಕೂಗಿದಳು.

ಗೂಳಪ್ಪ ನೀರಿನ ಅಂಚಿಗೆ ಬಂದು ನಿಂತುಬಿಟ್ಟ. ಕಾಲು ಉಳುಕಿದೆ ಎನ್ನಲೇ? ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅದನ್ನು ಹೊತ್ತೊಯ್ಯಲು ಗಾಳಿಯೂ ಬಂದು ನಿಂತಿತು. ನೀರು ಸಂಕವ್ವನ ಪಾದ ಮುಟ್ಟಿತ್ತು. ಗೂಳಪ್ಪ ಆ ಸುಳ್ಳನ್ನು ನುಂಗಿದ.

"ಸಂಕವ್ವಾ, ನಂಗೆ ಈಜು ಬರಲ್ಲ! ಎಮ್ಮೆ ಸುದ್ದಿ ಸುಳ್ಳು ಕಣೇ!"

ಸಂಕವ್ವ ಕೂಸನ್ನು ಬೆನ್ನಿನಿಂದ ಬಿಚ್ಚಿ ಎದೆಗೆ ಅವಚಿಕೊಂಡಳು. ಅದನ್ನು ನೋಡಿ ಗೂಳಪ್ಪನಿಗೆ ನಿಂತ ನೆಲ ಕುಸಿದಂತಾಯಿತು.

"ಹೊಳೆಯವ್ವ, ಸ್ವಲ್ಪ ಇಳಿಯೇ! ನಿನ್ನ ಕಾಲಿಗೆ ಬೀಳ್ತೀನಿ" ಎಂದು ಬೇಡಿದ.

"ಇಳಿಯೋದು ನನ್ನ ಕೈಯಲ್ಲಿಲ್ಲಪ್ಪ, ಹಿಂದಿನಿಂದ ಮಳೆ ತಳ್ತಾ ಇದೆ" ಎಂದಿತು ಹೊಳೆ. "ಆದರೆ ತೇಲೋದನ್ನ ನಾನು ಮುಳುಗಿಸೋದಿಲ್ಲ."

ಆಗ ಚಪ್ಪರದ ಮೇಲಿನಿಂದ ಸೋರೆಬಳ್ಳಿ ಕೂಗಿತು. "ಗೂಳಪ್ಪಾ, ಇಲ್ಲಿ ಬಾ! ನಿನ್ನ ಸುಳ್ಳೆಲ್ಲ ನನ್ನ ಕಾಯೊಳಗಿದೆ. ಎಷ್ಟು ದೊಡ್ಡದಾಗಿವೆ ನೋಡು. ಎತ್ತಿದರೆ ಭಾರವೇ ಇಲ್ಲ! ಕಿತ್ತುಕೋ, ಬೇಗ!"

ಗೂಳಪ್ಪ ಎರಡೂ ಕಾಯಿ ಕಿತ್ತ. ಹಗ್ಗದಿಂದ ಕಂಕುಳ ಕೆಳಗೆ ಒಂದೊಂದು ಬಿಗಿದುಕೊಂಡ. ಕಣ್ಣು ಮುಚ್ಚಿ ನೀರಿಗೆ ಬಿದ್ದ.

ಮುಳುಗಲಿಲ್ಲ!

ಗಾಳಿ ಹಿಂದಿನಿಂದ ತಳ್ಳಿತು. ಗೂಳಪ್ಪ ಕಾಲು ಬಡಿದ, ಕೈ ಬಡಿದ. ಬೊಗಸೆಗಟ್ಟಲೆ ಕೆಂಪು ನೀರು ಕುಡಿದ, ಕೆಮ್ಮಿದ, ಮತ್ತೆ ಬಡಿದ. ಬಂಡೆ ಹತ್ತಿರ ಬಂದಾಗ ಸಂಕವ್ವ ಬಗ್ಗಿ ಅವನ ಜುಟ್ಟು ಹಿಡಿದು ಎಳೆದುಕೊಂಡಳು. ಒಂದು ಕಾಯನ್ನು ಅವಳ ಸೊಂಟಕ್ಕೆ ಕಟ್ಟಿದ, ಒಂದನ್ನು ತಾನು ಕಟ್ಟಿಕೊಂಡ. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡ. ಗಾಳಿ ದಿಕ್ಕು ಬದಲಿಸಿ ಈಚೆ ದಡಕ್ಕೆ ಬೀಸಿತು. ಹೊಳೆ ಅವರನ್ನು ಹಗುರಾಗಿ ಹೊತ್ತು ತಂದು, ಕೆಳಗಿನ ತಿರುವಿನಲ್ಲಿ ಮರಳ ಮೇಲೆ ಇಳಿಸಿತು.

ಇಬ್ಬರೂ ಅಲ್ಲೇ ಅಂಗಾತ ಬಿದ್ದುಕೊಂಡರು. ಮೇಲೆ ಬಿಸಿಲು, ಕೆಳಗೆ ನೆಲ. ಕೂಸು ಅಪ್ಪನ ಹೊಟ್ಟೆಯ ಮೇಲೆ ಕೂತು ಕೇಕೆ ಹಾಕಿತು. ಗೂಳಪ್ಪನ ಕಣ್ಣಲ್ಲಿ ನೀರು ಹರಿಯಿತು. ಎದೆಯ ಮೇಲಿಂದ ಏನೋ ಇಳಿದು ಹೋದ ಹಾಗೆ ಹಗುರವಾಗಿತ್ತು.

"ಇನ್ನೇನೇನು ಸುಳ್ಳು ಹೇಳಿದೀರಿ? ಎಲ್ಲ ಈಗಲೇ ಹೇಳ್ಬಿಡಿ" ಅಂದಳು ಸಂಕವ್ವ. ದನಿಯಲ್ಲಿ ಸಿಟ್ಟಿತ್ತು.

"ನಮ್ಮಜ್ಜಿ ರೊಟ್ಟಿ..."

"ಅದು ಕೂಸಿಗೂ ಗೊತ್ತು."

"ಈಜು ಬರಲ್ಲ ಅಂತ ಮೊದಲೇ ಹೇಳಿದ್ದರೆ ನನ್ನ ಮದುವೆ ಆಗ್ತಿದ್ದೆಯಾ?"

ಸಂಕವ್ವ ಸೀರೆ ಸೆರಗು ಹಿಂಡುತ್ತ ಯೋಚಿಸಿದಳು. "ಈಜು ಬರದೇ ಇದ್ದರೂ ಹೊಳೆಗೆ ಬಿದ್ದು ಬಂದ್ರಲ್ಲ. ಇಂಥವರನ್ನ ಆಗ್ತಿದ್ದೆ" ಎಂದು ನಕ್ಕುಬಿಟ್ಟಳು. ಆ ನಗು ಕೇಳಿದ ಮೇಲೆಯೇ ಗೂಳಪ್ಪ ಎದ್ದು ಕೂತಿದ್ದು.

ಮನೆಗೆ ಬಂದು ಗೂಳಪ್ಪ ಬಳ್ಳಿಗೆ ಕೈಮುಗಿದ. "ನಿನ್ನ ತಿರುಳೆಲ್ಲ ಹೋಯ್ತಲ್ಲ ತಾಯಿ. ನನ್ನ ಸುಳ್ಳನ್ನೆಲ್ಲ ಹೊರಗೆ ತೆಗೆದುಬಿಡಲಾ?"

"ಬೇಡಪ್ಪ," ಎಂದಿತು ಬಳ್ಳಿ. "ಗಟ್ಟಿಯಾಗಿದ್ದಾಗ ಮುಳುಗ್ತಿದ್ದೆ. ಈಗ ನನ್ನ ಮಕ್ಕಳು ನಾಲ್ಕು ಜನರನ್ನ ದಡ ಸೇರಿಸ್ತವೆ. ಹೀಗೇ ಇರ್ತೀನಿ."

ಊರಿನವರು ಆ ಟೊಳ್ಳು ಕಾಯಿಗೆ ಬುರುಡೆ ಎಂದು ಹೆಸರಿಟ್ಟರು. ಅದರೊಳಗೆ ಇದ್ದದ್ದಕ್ಕೂ ಅದೇ ಹೆಸರು ನಿಂತಿತು.

ಅದಕ್ಕೇ ಮಗು, ಬಲಿತು ಒಣಗಿದ ಸೋರೆಕಾಯಿ ಇವತ್ತಿಗೂ ಕೊಡದಷ್ಟು ದೊಡ್ಡದಾಗಿ, ಒಳಗೆ ಟೊಳ್ಳಾಗಿ, ನೀರಿನ ಮೇಲೆ ತೇಲುತ್ತದೆ; ಈಜು ಕಲಿಯುವವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಧೈರ್ಯವಾಗಿ ನೀರಿಗಿಳಿಯುತ್ತಾರೆ, ಮತ್ತು ಯಾರಾದರೂ ನಂಬಲಾರದಷ್ಟು ದೊಡ್ಡ ಸುಳ್ಳು ಹೇಳಿದರೆ ನಾವೆಲ್ಲ "ಬುರುಡೆ ಬಿಡಬೇಡ" ಎಂದು ನಗುತ್ತೇವೆ.