ಹಿಟ್ಟುಗಳ್ಳನೂ ಹಂಪಮ್ಮ ಕಟ್ಟಿದ ಗಂಟೂ

ಹತ್ತಿರ ಬನ್ನಿ ಮಕ್ಕಳೇ, ಕೂತ್ಕೊಳ್ಳಿ. ಕೊಪ್ಪರಗಿರಿ ಅನ್ನೋ ರಾಜ್ಯದಲ್ಲಿ ಹಂಪಮ್ಮ ಅನ್ನೋ ರಾಜವೈದ್ಯೆ ಇದ್ದಳು. ಅವಳಿಗೆ ಒಬ್ಬಳೇ ತಂಗಿ, ನಾಗವ್ವ. ತಂಗಿ ಅಂದ್ರೆ ಅಕ್ಕನಿಗೆ ಪ್ರಾಣ.

ಆ ರಾಜ್ಯದ ಒಂದು ಕೇರಿಗೆ ಹಿಟ್ಟುಗಳ್ಳ ಅನ್ನೋ ಪಿಶಾಚಿ ಬಂತು. ಮೈಯೆಲ್ಲ ಹಿಟ್ಟು, ಬಾಯಲ್ಲಿ ಗರಗಸದಂಥ ಹಲ್ಲು. ಅದು ಮನೆ ಹೊಕ್ಕರೆ ಮನೆಯವರ ಕೈ ಅವರ ಮಾತು ಕೇಳುತ್ತಿರಲಿಲ್ಲ. ಆ ಕೈಗಳು ಪಿಶಾಚಿಯಂಥದೇ ಹಿಟ್ಟಿನ ಗೊಂಬೆ ಮಾಡಿ ಕೆಂಪು ದಾರಕ್ಕೆ ಪೋಣಿಸುತ್ತಿದ್ದವು. ಪಿಶಾಚಿ ದಾರ ಕಚ್ಚಿ ಬಿಡಿಸಿದ್ದೇ ತಡ, ಗೊಂಬೆಗಳಿಗೆ ಜೀವ ಬಂದು, ಅವೂ ಪಿಶಾಚಿಗಳಾಗಿ ಪಕ್ಕದ ಮನೆಗೆ ಓಡುತ್ತಿದ್ದವು.

ರಾಜ ಮೊದಲು ಹೊಗೆ ಹಾಕಿಸಿದ. ಜನ ಕೆಮ್ಮಿದರು, ಪಿಶಾಚಿ ಸೀನಲೂ ಇಲ್ಲ. ಆಮೇಲೆ ದೊಣ್ಣೆಯವರನ್ನು ಕಳಿಸಿದ. ಜನರ ಬೆನ್ನು ಮುರಿಯಿತು, ಪಿಶಾಚಿ ಹಿಟ್ಟಿನ ಮಡಕೆಯಲ್ಲಿ ಕೂತು ನಕ್ಕಿತು.

"ಹಾಗಾದ್ರೆ ಕೇರಿಗೇ ಬೆಂಕಿ ಹಾಕಿ!" ಅಂದ ರಾಜ.

ಆ ಕೇರಿಯಲ್ಲೇ ನಾಗವ್ವನ ಮನೆ.

"ಪ್ರಭುಗಳೇ, ಸಂಜೆವರೆಗೆ ತಡೀರಿ," ಅಂತ ಕಾಲಿಗೆ ಬಿದ್ದು ಹಂಪಮ್ಮ ತಂಗಿಯ ಕಿಟಕಿಗೆ ಓಡಿದಳು.

ನಾಗವ್ವ ಅಳುತ್ತಾ ಗೊಂಬೆ ತಟ್ಟುತ್ತಿದ್ದಳು. "ಒಳಗೆ ಬರಬೇಡ ಅಕ್ಕಾ! ನಿನ್ನ ಕೈಯೂ ಹೋದೀತು."

ಹಂಪಮ್ಮ ಕಣ್ಣೊರೆಸಿಕೊಂಡು ನೋಡಿದಳು. ಆ ದಾರಕ್ಕೆ ಹಲ್ಲು ಹಾಕೋದು ಪಿಶಾಚಿಯೊಂದೇ! ಕೂಡಲೇ ಮಾವಿನ ಮರದ ಕೆಂಜಿಗ ಇರುವೆ ಹಿಡಿದು, ಪುಟ್ಟ ಪುಟ್ಟ ಬಟ್ಟೆಗಂಟುಗಳಲ್ಲಿ ತುಂಬಿ, ಅದೇ ಕೆಂಪು ದಾರದಿಂದ ಕಟ್ಟಿ, ಮೇಲೆ ಹಿಟ್ಟು ಮೆತ್ತಿದಳು. ಕೇರಿಯ ಮನೆಮನೆಗೂ ಒಂದೊಂದು ಕೊಟ್ಟಳು.

"ಇರುವೆ ನಮ್ಮನ್ನೇ ಕಡಿದ್ರೆ ಏನಮ್ಮಾ ಗತಿ?" ಅಂದ ನೆರೆಮನೆಯ ಕೆಂಚಪ್ಪ.

"ನೀವು ದಾರ ಕಚ್ಚಲ್ಲ, ಗಂಟು ಬಿಚ್ಚಲ್ಲ. ಹೆದರಬೇಡಿ."

ತಂಗಿಯ ಮನೆಯ ಗಂಟನ್ನು ಕಿಟಕಿಯಿಂದ ಎಸೆದಳು. ನಾಗವ್ವನ ಕೈ ಅದನ್ನೂ ಗೊಂಬೆಯೆಂದೇ ಪೋಣಿಸಿತು. ಹಿಟ್ಟುಗಳ್ಳ ಬಂತು. ಕಟುಕ್, ಒಂದು ದಾರ. ಕಟುಕ್, ಎರಡು. ಕಟುಕ್! ಗಂಟು ಬಿಚ್ಚಿತು. ಕೆಂಜಿಗ ಭುಗಿಲ್ಲಂತ ಎದ್ದು ಗೊಂಬೆಗಳನ್ನೂ ತಿಂದವು, ಪಿಶಾಚಿಯನ್ನೂ ತಿಂದವು. ಗೊಂಬೆಪಿಶಾಚಿಗಳು ಹೊಕ್ಕ ಮನೆಗಳಲ್ಲೆಲ್ಲ ಹೀಗೇ ಆಯ್ತು. ಉಳಿದ ಮನೆಗಳಲ್ಲಿ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ನಾಗವ್ವನ ಕೈ ಮತ್ತೆ ನಾಗವ್ವನದಾಯ್ತು. ಆ ಹಿಟ್ಟುಗೈಯಲ್ಲೇ ಅಕ್ಕನ ಮುಖ ಹಿಡಿದು, "ಎಷ್ಟು ಸೊರಗಿದ್ದೀಯೇ!" ಅಂತ ಅತ್ತಳು. ರಾಜ ಪಂಜು ಆರಿಸಿದ.

ಮಕ್ಕಳೇ, ನಮ್ಮ ಮೈಯ ಜೀವಕೋಶಕ್ಕೆ ವೈರಸ್ ಹೊಕ್ಕಾಗಲೂ ಇಂಥ ಗಂಟು ಬೇಕೆಂದು ವಿಜ್ಞಾನಿಗಳು ಕಿಣ್ವಗಳನ್ನು ತಿದ್ದಿ ನೋಡುತ್ತಿದ್ದಾರೆ. ಆ ಕಿಣ್ವದ ಕಟ್ಟನ್ನು ವೈರಸ್ಸೇ ಕತ್ತರಿಸಿದಾಗ ಮಾತ್ರ ಅವು ಎಚ್ಚರಾಗಿ ವೈರಸ್ಸಿನ ಕೆಲಸ ನಿಲ್ಲಿಸಬೇಕು. ಇಷ್ಟು ನೆನಪಿಡಿ: ಕೇಡನ್ನು ಹುಡುಕಿ ಕೊಲ್ಲೋದು ಮದ್ದು, ಕೇಡಿನ ಜೊತೆ ಪಾಪದವರನ್ನೂ ಸುಡೋದು ಮದ್ದಲ್ಲ.